ಹಳ್ಳ ಹಿಂದಕ್ಕೆ ಹರಿದಾಗ

"ಇದ್ರಾಗ ನನ್ನ ಕುರಿಹಟ್ಟಿಗೆ ನೀರೇ ಬಂದಿಲ್ಲಲ್ಲವ್ವಾ!" ಹಲವಾಗಲು ಊರಿನ ಹೊಳೆದಂಡೆಯಲ್ಲಿ ನನ್ನ ಲ್ಯಾಪ್‌ಟಾಪ್ ನೋಡಿ ಕುರಿ ಕಾಯುವ ಹಾಲಮ್ಮಜ್ಜಿ ನಕ್ಕರು. ಪ್ರವಾಹದ ನೀರು ಎಲ್ಲೆಲ್ಲಿ ನುಗ್ಗಬಹುದೆಂದು ತೋರಿಸುವ ನಕ್ಷೆ ಅದು. "ಹೊಳಿ ತುಂಬಿದ್ರ ನಮ್ಮ ಹಳ್ಳ ಹಿಂದಕ್ಕ ಹರಿತೈತಿ. ಆಗ ಮರಿಗಳನ್ನ ಕಂಬಳ್ಯಾಗ ಕಟ್ಟಿಗೊಂಡು ದಿಬ್ಬ ಹತ್ತತೀನಿ."

ಹೊಳೆಗೊಂದು, ಹಳ್ಳಕ್ಕೊಂದು ಎಂದು ಕಂಪ್ಯೂಟರಿನಲ್ಲಿ ನಾನು ಬೇರೆ ಬೇರೆ ಮಾದರಿ ಮಾಡಿದ್ದೆ. ಒಂದರ ಸುದ್ದಿ ಇನ್ನೊಂದಕ್ಕೆ ಗೊತ್ತಿರಲಿಲ್ಲ. ತುಂಬಿದ ಹೊಳೆಯ ನೀರು ಹಳ್ಳಕ್ಕೆ ನುಗ್ಗುವಂತೆ ಅಲ್ಲೇ ಕುಳಿತು ಎರಡನ್ನೂ ಜೋಡಿಸಿದೆ. ನಕ್ಷೆಯಲ್ಲಿ ಹಟ್ಟಿಯ ಮೇಲೆ ನೀರಿನ ನೀಲಿ ಬಣ್ಣ ಹರಡಿತು.

ಅಜ್ಜಿ ಈಗ ನಗಲಿಲ್ಲ. "ಹಟ್ಟಿ ಮುಳುಗಿದ ಆವತ್ತು ಇದು ಇದ್ದಿದ್ರ ಮೊದ್ಲೇ ಎಲ್ಲಾ ಮರೀನೂ ಎತ್ತಿಗೊಂಡು ಹೋಗತಿದ್ದೆ" ಎಂದರು, ಮೆಲ್ಲಗೆ.

ನಕ್ಷೆಯ ಉಳಿದ ಜಾಗಗಳಿಗೆಲ್ಲ ಸಂಖ್ಯೆಗಳಿವೆ. ಅದೊಂದಕ್ಕೆ ಮಾತ್ರ 'ಹಾಲಮ್ಮಜ್ಜಿಯ ಹಟ್ಟಿ' ಎಂದು ಬರೆದಿದ್ದೇನೆ.