ಮರಳಿಗೆ ಹಿಡಿದ ಅಯಸ್ಕಾಂತ

ಹೊಸಪೇಟೆಯ ಮನೆಗೆ ಉಪ್ಪುನೀರಿನ ಮೀನಿನ ತೊಟ್ಟಿ ತಂದಾಗ, ಅದರ ತಳಕ್ಕೆ ಅಂಗಡಿಯ ಹವಳದ ಮರಳೇ ಆಗಬೇಕೆಂದು ನಾನು ಹಟ ಹಿಡಿದೆ. ಸಂಡೂರಿನ ಕಬ್ಬಿಣದ ಅದಿರಿನ ಗಣಿಯಲ್ಲಿ ದುಡಿದು ನಿವೃತ್ತರಾಗಿದ್ದ ಅಪ್ಪ ಕೇಳಲಿಲ್ಲ. ಕಂಪ್ಲಿಯ ಹೊಳೆಯಿಂದ ಒಂದು ಚೀಲ ಮರಳು ತಂದು, ಅಕ್ಕಿ ತೊಳೆದಂತೆ ಏಳು ನೀರಿನಲ್ಲಿ ತೊಳೆದರು.

"ಇದಕ್ಕಿಂತ ಸ್ವಚ್ಛ ಮರಳು ಎಲ್ಲಿ ಸಿಗತೈತಿ?" ಎಂದರು.

ನನಗೆ ಸಿಟ್ಟು ಬಂತು. ಹಳೆಯ ಸ್ಪೀಕರಿನ ಅಯಸ್ಕಾಂತವನ್ನು ತಂದು ಮರಳಿನಲ್ಲಿ ಆಡಿಸಿದೆ. ಕಪ್ಪು ಪುಡಿ ಗಡ್ಡದಂತೆ ಅಂಟಿಕೊಂಡು ಬಂತು.

"ನೋಡಪ್ಪಾ, ಕಬ್ಬಿಣ! ಇದರಿಂದ ನೀರು ಕೆಡತೈತಿ, ಮೀನು ಉಳಿಯಂಗಿಲ್ಲ."

ಅಪ್ಪ ಆ ಪುಡಿಯನ್ನು ಬೆರಳಿನಿಂದ ಉಜ್ಜಿ ನೋಡಿದರು. ಅದರ ಗುರುತು ಅವರಿಗೆ ನನಗಿಂತ ಚೆನ್ನಾಗಿತ್ತು. ಕೆಮ್ಮುತ್ತಲೇ ಚೀಲವನ್ನು ತಾವೇ ಹೊರಗೆ ಎಳೆದರು.

"ನಾ ನುಂಗಿದ್ದು ಸಾಕವ್ವಾ. ಮೀನಿಗೆ ಬ್ಯಾಡ."