ಒಂದು ಗೇಣು ಇಂಗ್ಲಿಷ್

ನೆನೆದ ಬಾಳೆನಾರಿನ ವಾಸನೆ ಎಲ್ಲಿ ಬಂದರೂ ಹಲಸೂರಿನ ಅಜ್ಜಿಯ ಮನೆಯ ನಡುಕೋಣೆ ಕಣ್ಣಿಗೆ ಕಟ್ಟುತ್ತದೆ. ಕಳೆದ ಮಂಗಳವಾರ ರಸೆಲ್ ಮಾರುಕಟ್ಟೆಯಲ್ಲಿ ಹೂವಿನವರ ಸಾಲು ದಾಟುವಾಗ ಹಾಗೆಯೇ ಆಯಿತು. ರಾತ್ರಿ ದಿನಚರಿಯಲ್ಲಿ ಅದನ್ನಷ್ಟೇ ಬರೆದೆ. ನಿಮಗೂ ಇಂಥದ್ದೊಂದು ವಾಸನೆ ಇರುತ್ತದೆ, ಈಗಿಲ್ಲದ ಮನೆಯೊಂದರ ಬಾಗಿಲು ತೆರೆಯುವಂಥದ್ದು. ಅಜ್ಜಿ ಬೆಳಗ್ಗೆ ಆ ಮಾರುಕಟ್ಟೆಯಿಂದ ಬಿಡಿ ಹೂವು ತಂದು, ಸಂಜೆ ಕಾಲು ಚಾಚಿ ಕೂತು, ಒದ್ದೆ ನಾರಿನಲ್ಲಿ ಕಾಕಡ ಕಟ್ಟುತ್ತಿದ್ದಳು. ಎದುರಿಗೆ ಅಮ್ಮನ ತಂಗಿ ಗೀತಾ ಚಿಕ್ಕಮ್ಮ ಇಂಗ್ಲಿಷ್ ಓದುತ್ತಿದ್ದಳು. ಶಿವಾಜಿನಗರದ ಶಾಲೆಯೊಂದರಲ್ಲಿ ಅವಳು ಸಹಾಯಕಿ. ಮಕ್ಕಳ ಮೂಗು ಒರೆಸುವುದು, ಬ್ಯಾಗು ಎತ್ತಿಕೊಡುವುದು. ಮೇಲ್ಮಟ್ಟದ ಇಂಗ್ಲಿಷ್ ಪರೀಕ್ಷೆಯೊಂದನ್ನು ಪಾಸು ಮಾಡಿದರೆ ಪಾಠ ಮಾಡಲು ತರಗತಿ ಕೊಡುತ್ತೇವೆ ಎಂದಿದ್ದರು. ಅವಳಿಗೆ ಬೇಕಿದ್ದದ್ದು ಅದೊಂದೇ, ತನ್ನದು ಎನ್ನುವ ಒಂದು ತರಗತಿ.

ಪದಗಳ ಲೆಕ್ಕ ಇಡುವುದು ನನ್ನ ಕೆಲಸ. ಆಗ ನಾನು ಏಳನೇ ಕ್ಲಾಸು, ಅಜ್ಜಿಯ ಮನೆಯಲ್ಲೇ ಇದ್ದೆ. ಹೊಸ ಪದವನ್ನು ಬೇರೆ ಬೇರೆ ವಾಕ್ಯಗಳಲ್ಲಿ ಬಳಸಿದರೆ ಮಾತ್ರ ಗೋಡೆಯ ಕ್ಯಾಲೆಂಡರಿನಲ್ಲಿ ಒಂದು ಗೀಟು. ಬರೀ 'ಗುಡ್', 'ನೈಸ್' ಅಂದರೆ ಇದ್ದ ಗೀಟನ್ನೂ ಹೊಡೆದುಹಾಕುತ್ತಿದ್ದೆ. "ನಿನ್ನಂಥ ಎಕ್ಸಾಮಿನರ್ ಸಿಕ್ಕಿದ್ರೆ ನಾನು ಮುದುಕಿಯಾದ್ರೂ ಪಾಸಾಗಲ್ಲ ಕಣೇ" ಎಂದು ಚಿಕ್ಕಮ್ಮ ನಗುತ್ತಿದ್ದಳು. ಕಷ್ಟವಿದ್ದದ್ದು ಮಾತಿನ ಪರೀಕ್ಷೆ. ಎರಡು ಚಿತ್ರ ಕೊಡುತ್ತಾರೆ, ಎರಡನ್ನೂ ಹೋಲಿಸಿ ಒಂದು ನಿಮಿಷ ಮಾತಾಡಬೇಕು. ಮೊಬೈಲಿನಲ್ಲಿ ಸೆಕೆಂಡುಗಳು ಓಡುವುದು ಕಂಡರೆ ಅವಳ ನಾಲಿಗೆ ತೊಡರುತ್ತಿತ್ತು. ಅದಕ್ಕೇ ಅಜ್ಜಿ ಗಡಿಯಾರವಾದಳು. ಅವಳು ಒಂದು ಗೇಣು ಹೂವು ಕಟ್ಟಲು ಹಿಡಿಯುವುದು ಒಂದು ನಿಮಿಷ. ದಸರಾ ರಜೆಯಲ್ಲಿ ನಾನೇ ಕೈಗಡಿಯಾರ ಇಟ್ಟುಕೊಂಡು ನೋಡಿದ್ದೆ. ಕಿರಾಣಿ ಅಂಗಡಿಯವರು ಕೊಟ್ಟ ಹಳೆಯ ಕ್ಯಾಲೆಂಡರುಗಳ ಚಿತ್ರ ಹರಡಿಕೊಂಡು ಚಿಕ್ಕಮ್ಮ ಶುರು ಮಾಡುವಳು, ಅಜ್ಜಿಯ ಬೆರಳುಗಳು ಓಡುವವು, ಗೇಣು ತುಂಬಿದ ಕೂಡಲೇ "ಸಾಕು, ಬಾಯಿ ಮುಚ್ಚು. ನಿನ್ನ ಮಾತಿಗೆ ಹೂವೆಲ್ಲ ಬಾಡ್ತಿದೆ" ಎನ್ನುವಳು.

ಬೇಸಿಗೆಯಲ್ಲಿ ಪರೀಕ್ಷೆ ಮುಗಿಸಿ ಬಂದವಳು ಚಪ್ಪಲಿಯನ್ನೂ ಬಿಡದೆ ಹೊಸ್ತಿಲಲ್ಲಿ ಕುಸಿದಳು. "ಎರಡನೇ ಚಿತ್ರಕ್ಕೆ ಬರೋಷ್ಟರಲ್ಲೇ ಥ್ಯಾಂಕ್ಯೂ ಅಂದ್ಬಿಟ್ರು ಅಮ್ಮ. ಮನೇಲಿ ದಿನಾ ಮುಗೀತಿತ್ತಲ್ಲ!"

"ಅವರ ಗಡಿಯಾರ ಕೆಟ್ಟಿರ್ಬೇಕು ಬಿಡು" ಎಂದು ಅಜ್ಜಿ ಸಿಡುಕಿದಳು.

ಸ್ವಲ್ಪದರಲ್ಲಿ ಫೇಲಾದಳು. ಮತ್ತೆ ಅಭ್ಯಾಸಕ್ಕೆ ಕೂತ ಮೊದಲ ಸಂಜೆ ನಾನು ಸುಮ್ಮನೆ ಕೈಗಡಿಯಾರ ನೋಡಿದೆ. ಸೆಕೆಂಡಿನ ಮುಳ್ಳು ಒಂದು ಸುತ್ತು ಮುಗಿಸಿ ಮುಂದೆ ಹೋಗುತ್ತಲೇ ಇತ್ತು; ಅಜ್ಜಿಯ ಗೇಣು ಇನ್ನೂ ತುಂಬಿರಲಿಲ್ಲ. ಹೆಬ್ಬೆರಳು ಗಂಟಿನ ಮೇಲೆ ನಡುಗುತ್ತಿತ್ತು, ನಾರು ಜಾರುತ್ತಿತ್ತು, ಮತ್ತೆ ಹಿಡಿಯುತ್ತಿದ್ದಳು. ದಿನವೂ ಎದುರಿಗೇ ಕೂತಿದ್ದ ನಮ್ಮಿಬ್ಬರಿಗೂ ಅದು ಕಂಡಿರಲಿಲ್ಲ. ಚಿಕ್ಕಮ್ಮ ಗಡಿಯಾರ ನೋಡಿದಳು, ಅಜ್ಜಿಯ ಕೈ ನೋಡಿದಳು, ಆಮೇಲೆ ನನ್ನ ಮಣಿಕಟ್ಟನ್ನು ತನ್ನ ಅಂಗೈಯಿಂದ ಮುಚ್ಚಿಬಿಟ್ಟಳು.

"ಅಮ್ಮ, ರೂಲ್ಸ್ ಬದ್ಲಾಗಿದೆಯಂತೆ. ಇನ್ಮೇಲೆ ಅರ್ಧ ಗೇಣು ಸಾಕಂತೆ."

"ಅರ್ಧ ಗೇಣಾ? ನಿನ್ನ ಬಾಯಿಗೆ ಅದೆಲ್ಲಿ ಸಾಲುತ್ತೆ!" ಎಂದು ಅಜ್ಜಿ ನಕ್ಕಳು.

ಅಲ್ಲಿಂದ ಮುಂದೆ ನಾನು ಚಿಕ್ಕಮ್ಮನ ಹಿಂದೆ ಕೂತು, ನಿಮಿಷವಾಗುತ್ತಲೇ ಅವಳ ಬೆನ್ನಿಗೆ ಬೆರಳು ಒತ್ತುತ್ತಿದ್ದೆ. ಮಳೆಗಾಲ ಮುಗಿಯುವ ಹೊತ್ತಿಗೆ ರೂಲ್ಸ್ ಮತ್ತೊಮ್ಮೆ ಬದಲಾಗಿ ಕಾಲು ಗೇಣಾಯಿತು. ಆಗ ಅಜ್ಜಿ ನಗಲಿಲ್ಲ. "ಹೂಂ, ಶುರು ಮಾಡು" ಎಂದಳು ಅಷ್ಟೇ.

ಆ ಮನೆ ಇದ್ದ ಜಾಗದಲ್ಲಿ ಈಗ ನಾಲ್ಕು ಮಹಡಿಯ ಕಟ್ಟಡವಿದೆ, ನಡುಕೋಣೆ ಇದ್ದಲ್ಲಿ ಸ್ಕೂಟರುಗಳು ನಿಲ್ಲುತ್ತವೆ. ಚಿಕ್ಕಮ್ಮ ರಾಮಮೂರ್ತಿ ನಗರದಲ್ಲಿದ್ದಾಳೆ, ಮೂರನೇ ತರಗತಿ ಅವಳದು. ಅಜ್ಜಿ ಆ ವರ್ಷದ ಚಳಿಗಾಲ ದಾಟಲಿಲ್ಲ. ಆದರೆ ಎರಡನೇ ಸಲದ ಫಲಿತಾಂಶ ಬಂದ ಸಂಜೆ ಇದ್ದಳು, ಗೋಡೆಗೊರಗಿ ಮಂಚದ ಮೇಲೆ. ಹೂವು ತರುವುದು ಆಗಲೇ ನಿಂತಿತ್ತು. "ಪಾಸಾದೆ ಅಮ್ಮ" ಎಂದ ಮಗಳಿಗೆ, "ಅಲ್ಲಿ ಏನ್ ಹೇಳಿದ್ಯೋ ಅದನ್ನ ಇಲ್ಲೂ ಹೇಳೇ" ಎಂದಳು. ಚಿಕ್ಕಮ್ಮ ಎದುರಿಗೆ ಕೂತು ಶುರು ಮಾಡಿದಳು. ಚಿತ್ರಗಳ ಮಾತು ಮುಗಿಯಿತು, ಅವಳು ನಿಲ್ಲಿಸಲಿಲ್ಲ. ತನಗೆ ಸಿಗುವ ತರಗತಿ, ಅದರ ಕಿಟಕಿ, ಬರಲಿರುವ ಮಕ್ಕಳು, ಎಲ್ಲವನ್ನೂ ಇಂಗ್ಲಿಷಿನಲ್ಲೇ ಹೇಳುತ್ತಾ ಹೋದಳು. ಅಜ್ಜಿಯ ಬರಿಗೈ ಮಡಿಲಲ್ಲಿ ಸುಮ್ಮನೆ ಬಿದ್ದಿತ್ತು. ಹೊರಗೆ ಕತ್ತಲಾಯಿತು. ಯಾರೂ ಸಾಕು ಎನ್ನಲಿಲ್ಲ.