ಯಾಕೆ ಎಂದು ಕೇಳುವ ಮನೆಯಲ್ಲಿ ಒಂದು ‘ಬೇಡ’

ಮೊನ್ನೆ ಯಾದವಗಿರಿಗೆ, ದೊಡ್ಡಮ್ಮನ ಮನೆಗೆ ಹೋದಾಗ ಅವರು ಅಡುಗೆಮನೆಯಲ್ಲಿ ಕೂತು ಜೀರಿಗೆ ಬೆಲ್ಲ ಕುಟ್ಟುತ್ತಿದ್ದರು. ಪಕ್ಕದ ಮನೆಯಲ್ಲಿ ಮದುವೆಯಂತೆ. ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೇ ಆ ವಾಸನೆ ಮೂಗಿಗೆ ಬಡಿದು ಎದೆ ಧಸಕ್ಕೆಂದಿತು. ನಗಬೇಡಿ. ಹಾವಿಗೆ ಹೆದರುವವರುಂಟು, ಗುಡುಗಿಗೆ ಹೆದರುವವರುಂಟು. ಜೀರಿಗೆ ಬೆಲ್ಲಕ್ಕೆ ಬೆಚ್ಚಿಬೀಳುವವಳು ಇಡೀ ಮೈಸೂರಿನಲ್ಲಿ ನಾನೊಬ್ಬಳೇ ಇರಬೇಕು. ಹೇಗೆ ಹಾಗಾಯಿತೆಂದು ಹೇಳುತ್ತೇನೆ, ಕೇಳಿ.

ನಾನು ಓದಿದ್ದೆಲ್ಲ ಆ ಮನೆಯಲ್ಲೇ. ನಮ್ಮಪ್ಪನದು ಊರಿಂದೂರಿಗೆ ವರ್ಗವಾಗುವ ಕೆಲಸ. ಹುಡುಗಿಯ ಓದು ಕೆಡಬಾರದೆಂದು ನನ್ನನ್ನು ತಮ್ಮ ಅಣ್ಣನ ಹತ್ತಿರ ಬಿಟ್ಟಿದ್ದರು. ದೊಡ್ಡಪ್ಪ ವಕೀಲರು. ಅವರಿಗೆ ಪ್ರಿಯವಾದ ಮಾತು ಒಂದೇ: ‘ಯಾಕೆ’. ಹಾಲು ಉಕ್ಕುತ್ತದೆ, ನೀರು ಉಕ್ಕುವುದಿಲ್ಲ, ಯಾಕೆ? ಮಧ್ಯಾಹ್ನದ ನೆರಳು ಗಿಡ್ಡ, ಯಾಕೆ? ಊಟಕ್ಕೆ ಕೂತಾಗ ನನ್ನನ್ನೂ ತಮ್ಮ ಒಬ್ಬಳೇ ಮಗಳು ವಿಮಲಕ್ಕನನ್ನೂ ಕೇಳುವರು. ಏನಾದರೊಂದು ಕಾರಣ ಹೇಳಬೇಕು; ‘ಗೊತ್ತಿಲ್ಲ’ ಅಂದರೆ ಅವತ್ತು ತುಪ್ಪವಿಲ್ಲ. ಈ ಚಟ ನನಗೆ ಎಷ್ಟು ಅಂಟಿತ್ತೆಂದರೆ, ದೇವರಾಜ ಮಾರ್ಕೆಟ್ಟಿನಲ್ಲಿ ಬದನೆಕಾಯಿ ಮಾರುವವಳನ್ನು “ಇದ್ಯಾಕೆ ಈ ಬಣ್ಣ?” ಅಂತ ಕೇಳಿದ್ದೆ. “ತಗೋತೀಯೋ ಇಲ್ವೋ ಅದ್ನೇಳವ್ವ ಮೊದ್ಲು” ಅಂದಳು.

ಆದರೆ ಆ ‘ಯಾಕೆ’ಯನ್ನು ನಾನು ಹಗುರವಾಗಿ ಕಾಣಲಾರೆ. ಹೆಣ್ಣುಮಕ್ಕಳಿಗೆ ಕಾಲೇಜು ಬೇಡವೆಂದು ನೆಂಟರೆಲ್ಲ ಮನೆಗೆ ಬಂದು ಕೂತಾಗ ದೊಡ್ಡಪ್ಪ, “ಯಾಕೆ ಬೇಡ? ಒಂದು ಕಾರಣ ಹೇಳಿ, ನಾಳೇನೇ ಬಿಡಿಸ್ಬಿಡ್ತೀನಿ” ಅಂದರು. ಕಣ್ಣು ಹಾಳಾಗುತ್ತೆ ಅಂದರು ಒಬ್ಬರು. “ಹುಡುಗರ ಕಣ್ಣೇನು ಕಬ್ಬಿಣದ್ದಾ?” ಅಂದರು ದೊಡ್ಡಪ್ಪ. ನೆಂಟರು ಕಾಫಿ ಕುಡಿದು ಎದ್ದುಹೋದರು. ಹಾಗೆ ನಾವಿಬ್ಬರೂ ಕೊಡೆ ಹಿಡಿದುಕೊಂಡು ಕಾಲೇಜಿಗೆ ಹೋಗುವಂತಾಯಿತು.

ಆ ಮನೆಯಲ್ಲಿ ‘ಯಾಕೆ’ ಅನ್ನದವರು ದೊಡ್ಡಮ್ಮ ಒಬ್ಬರೇ. ಬಡಿಸುವರು, ನಮ್ಮ ವಾದಗಳನ್ನು ಕೇಳಿಸಿಕೊಳ್ಳುವರು, ಪಾತ್ರೆ ಎತ್ತಿಕೊಂಡು ಒಳಗೆ ಹೋಗುವರು. ಅವರಿಗೂ ಏನಾದರೂ ಅನ್ನಿಸುತ್ತಿರಬಹುದು ಅಂತ ನಮಗ್ಯಾರಿಗೂ ಹೊಳೆದಿರಲಿಲ್ಲ.

ವಿಮಲಕ್ಕನ ಬಿ.ಎ. ಮುಗಿಯುತ್ತಲೇ ಒಂದು ಸಂಬಂಧ ಬಂತು. ಹುಡುಗ ಇಂಜಿನಿಯರು, ಸಾಧು. ದೊಡ್ಡಪ್ಪ ಬೇರೆ ಅಪ್ಪಂದಿರ ಹಾಗೆ ಮಗಳನ್ನು ಕೇಳದೆ ತಾಂಬೂಲ ಬದಲಾಯಿಸಲಿಲ್ಲ. ಎದುರಿಗೆ ಕೂರಿಸಿಕೊಂಡು, “ಬೇಡ ಅನ್ನೋಕೆ ಕಾರಣ ಇದ್ರೆ ಹೇಳಮ್ಮ, ಈಗಲೇ ಬಿಟ್ಬಿಡೋಣ” ಅಂದರು. ವಿಮಲಕ್ಕ ತುಂಬ ಹೊತ್ತು ಯೋಚಿಸಿದಳು. ಕಾರಣ ಸಿಗಲಿಲ್ಲ, ಸುಮ್ಮನಾದಳು. ಅದೇ ಒಪ್ಪಿಗೆಯಾಯಿತು.

ಮನೆಯ ಮುಂದೆಯೇ ಚಪ್ಪರ. ಹಸೆಯ ಮೇಲೆ ಹುಡುಗ, ಹುಡುಗಿ, ನಡುವೆ ಪರದೆ. ನಾನು ವಿಮಲಕ್ಕನ ಪಕ್ಕದಲ್ಲಿ ಕಳಸ ಹಿಡಿದು ನಿಂತಿದ್ದೆ. ಪರದೆ ಸರಿಯುತ್ತಲೇ ಒಬ್ಬರ ತಲೆಯ ಮೇಲೊಬ್ಬರು ಜೀರಿಗೆ ಬೆಲ್ಲ ಹಾಕಬೇಕು. ಪರದೆ ಸರಿಯಿತು. ವಾಲಗ ಏರಿತು. ಹುಡುಗ ನಾಚಿಕೊಂಡೇ ಕೈ ಎತ್ತಿದ. ವಿಮಲಕ್ಕ ಎತ್ತಲಿಲ್ಲ. ಅವನ ಮುಖವನ್ನೇ ನೋಡಿದಳು. ಆಮೇಲೆ ತನ್ನ ಬೊಗಸೆಯಲ್ಲಿದ್ದುದನ್ನು ಒಂದು ಕಾಳೂ ಚೆಲ್ಲದ ಹಾಗೆ ತಟ್ಟೆಗೆ ಸುರಿದು, “ನಂಗೆ ಬೇಡ” ಅಂದಳು.

ಪುರೋಹಿತರು ಪಾಪ, ಅವಳಿಗೆ ಜೀರಿಗೆ ಬೇಡವೇನೋ ಅಂದುಕೊಂಡು ಅಕ್ಷತೆ ಮುಂದೆ ಹಿಡಿದರು.

“ಮದುವೆ ಬೇಡ” ಅಂದಳು ವಿಮಲಕ್ಕ.

ನಾಗಸ್ವರ ನಡುವೆಯೇ ನಿಂತುಹೋಯಿತು. ಡೋಲಿನವನು ಮಾತ್ರ ಕಣ್ಣು ಮುಚ್ಚಿಕೊಂಡಿದ್ದರಿಂದ ಒಬ್ಬನೇ ಬಾರಿಸುತ್ತಲೇ ಇದ್ದ; ಯಾರೋ ಭುಜ ಹಿಡಿದು ಅಲ್ಲಾಡಿಸಿದರು. ಅಷ್ಟು ಜನ ತುಂಬಿದ್ದ ಚಪ್ಪರದಲ್ಲಿ ಹಿತ್ತಲಿನ ಒಲೆಯ ಸೌದೆ ಚಟಪಟ ಅನ್ನುವುದು ಕೇಳಿಸಿತು. ನನ್ನ ಕೈಯ ಕಳಸ ತುಳುಕಿ ಸೀರೆಯೆಲ್ಲ ಒದ್ದೆಯಾದದ್ದೂ ನನಗೆ ತಿಳಿಯಲಿಲ್ಲ.

ದೊಡ್ಡಪ್ಪ ಅವಳನ್ನು ಒಳಗಿನ ಕೋಣೆಗೆ ಕರೆದುಕೊಂಡು ಹೋದರು. ದಿಕ್ಕು ತೋಚದೆ ನಾನೂ ಹಿಂದೆಯೇ ಹೋದೆ.

“ಯಾಕೆ?” ಅಂದರು ದೊಡ್ಡಪ್ಪ. ವಿಮಲಕ್ಕ ಕೈಗಂಟಿದ್ದ ಬೆಲ್ಲವನ್ನು ಸೆರಗಿಗೆ ಒರೆಸಿಕೊಂಡಳು.

“ಹುಡುಗ ಕೆಟ್ಟೋನು ಅಂತ ಯಾರಾದ್ರೂ ಹೇಳಿದ್ರಾ?”

“ಇಲ್ಲ.”

“ಬೇರೆ ಯಾರಾದ್ರೂ ಮನಸ್ಸಲ್ಲಿದಾರಾ?”

“ಇಲ್ಲಪ್ಪ. ಹುಡುಗಿ ನೋಡೋಕೆ ಬಂದಾಗ ಅವ್ರು ನನ್ನ ಹತ್ರ ಒಂದು ಮಾತೂ ಆಡ್ಲಿಲ್ಲ.”

“ಅಷ್ಟು ಜನದ ಮುಂದೆ ಏನು ಆಡ್ತಾನೆ? ನೀನು ಆಡಿದ್ಯಾ?”

“ಇಲ್ಲ.”

“ಮತ್ತೆ?”

ಅವರು ಕೂಗಾಡಲಿಲ್ಲ, ಗದರಲಿಲ್ಲ. ಮೆತ್ತಗೆ, ಒಂದೊಂದೇ ಬಾಗಿಲಿಗೆ ಅಗುಳಿ ಹಾಕಿದ ಹಾಗೆ ಕೇಳುತ್ತ ಹೋದರು. ವಿಮಲಕ್ಕ ಕೊನೆಗೆ, “ಗೊತ್ತಿಲ್ಲಪ್ಪ. ಬೇಡ ಅನ್ನಿಸ್ತು” ಅಂದಳು.

“ಅಂದ್ರೆ ಕಾರಣ ಇಲ್ಲ. ನಡಿ, ಮುಹೂರ್ತ ಮೀರ್ತಿದೆ” ಅಂತ ಅವಳ ಕೈ ಹಿಡಿದರು.

ಬಾಗಿಲಿಗೆ ಅಡ್ಡವಾಗಿ ದೊಡ್ಡಮ್ಮ ನಿಂತಿದ್ದರು. ಯಾವಾಗ ಬಂದರೋ!

“ಕೈ ಬಿಡಿ. ಅವ್ಳು ಬೇಡ ಅಂದಾಯ್ತಲ್ಲ” ಅಂದರು.

“ಕಾರಣ ಹೇಳ್ಲಿ ಕಣೇ! ನಾನೇನು ಬಲವಂತ ಮಾಡ್ತಿದೀನಾ?”

“ಕಾರಣ ಹೇಳೋದ್ರಲ್ಲಿ ನಿಮ್ಮನ್ನ ಗೆಲ್ಲೋರು ಈ ಮನೇಲಿ ಯಾರಿದಾರೆ?” ಅಂದರು ದೊಡ್ಡಮ್ಮ. “ನನ್ನ ಮದುವೇಲಿ ನನ್ನನ್ನ ಯಾರೂ ಕೇಳ್ಲಿಲ್ಲ. ಕೇಳಿದ್ದಿದ್ರೆ ನಾನೂ ಬೇಡ ಅಂತಿದ್ದೆ.”

ಚಪ್ಪರದಲ್ಲಿ ಆದ ಆಘಾತ ಇದರ ಮುಂದೆ ಏನೂ ಅಲ್ಲ. ಒಂದು ದಿನವೂ ದನಿ ಎತ್ತರಿಸಿ ಜಗಳವಾಡದ ಗಂಡ ಹೆಂಡಿರು ಅವರು. ದೊಡ್ಡಪ್ಪ ಬಾಯಿ ತೆರೆದರು. ‘ಯಾಕೆ’ ಅನ್ನುವ ಆ ಮಾತು ಅವರ ತುಟಿಯವರೆಗೂ ಬಂದದ್ದನ್ನು ನಾನು ಕಣ್ಣಾರೆ ಕಂಡೆ. ಹೊರಗೆ ಬರಲಿಲ್ಲ. ಮಗಳ ಕೈ ಬಿಟ್ಟರು. ಚಪ್ಪರಕ್ಕೆ ಹೋಗಿ ಗಂಡಿನ ಕಡೆಯವರಿಗೆ ಕೈಮುಗಿದು, “ತಪ್ಪು ನಂದು” ಅಂದರು.

ಯಾಕೆ, ಯಾಕೆ ಅಂತ ಹುಡುಗನ ಅಪ್ಪ ಎಗರಾಡಿದರು. ದೊಡ್ಡಪ್ಪ ಒಂದಕ್ಕೂ ಉತ್ತರ ಕೊಡದೆ ಅವರ ಮುಂದೆ ತಲೆ ತಗ್ಗಿಸಿ ನಿಂತರು. ಕೊನೆಗೆ ಆ ಹುಡುಗನೇ, “ಬನ್ನಿ ಅಪ್ಪ, ಹೋಗೋಣ” ಅಂತ ಅವರನ್ನು ಕರೆದುಕೊಂಡು ಹೋದ. ಅವನಿಗೆ ಬೇಗನೇ ಬೇರೆ ಕಡೆ ಮದುವೆಯಾಯಿತು, ಸುಖವಾಗಿದ್ದಾನೆ. ವಿಮಲಕ್ಕ ಮುಂದೆ ಓದಿ ಕಾಲೇಜಿನಲ್ಲಿ ಪಾಠ ಹೇಳತೊಡಗಿದಳು. ಕೆಲವು ವರ್ಷಗಳಾದ ಮೇಲೆ ತಾನೇ ಮೆಚ್ಚಿದವರನ್ನು ಮದುವೆಯಾದಳು. “ಈಗಲಾದ್ರೂ ಹೇಳೇ ಅಕ್ಕ, ಅವತ್ತು ಯಾಕೆ?” ಅಂತ ನಾನು ಪೀಡಿಸಿದ್ದುಂಟು. “ಸತ್ಯವಾಗ್ಲೂ ಗೊತ್ತಿಲ್ಲ ಕಣೇ” ಅಂತಾಳೆ. ಏನೋ ದೊಡ್ಡ ಗುಟ್ಟಿರಬೇಕು ಅಂತ ಕಾದು ಕೂತವಳಿಗೆ ಭಾರಿ ನಿರಾಸೆ.

ಈಗ ನನಗೆ ಅನ್ನಿಸುವುದು ಇಷ್ಟು. ದೊಡ್ಡವರ ಮುಂದೆ ನಿಂತು ಕೇಳಿದ ‘ಯಾಕೆ’ ನಮ್ಮನ್ನು ಕಾಲೇಜಿಗೆ ಕಳಿಸಿತು. ತನ್ನ ಕೈಕೆಳಗಿರುವವರನ್ನು ಕೋಣೆಯಲ್ಲಿ ನಿಲ್ಲಿಸಿಕೊಂಡು ಕೇಳಿದ ‘ಯಾಕೆ’ ಇನ್ನೊಂದು ಗಳಿಗೆಯಿದ್ದಿದ್ದರೆ ಅದೇ ಹುಡುಗಿಯನ್ನು ಎಳೆದುಕೊಂಡು ಹೋಗಿ ಹಸೆಯ ಮೇಲೆ ನಿಲ್ಲಿಸುತ್ತಿತ್ತು. ಮಾತು ಒಂದೇ, ಕೇಳಿದವರೂ ಒಬ್ಬರೇ.

ಮೊನ್ನೆ ದೊಡ್ಡಮ್ಮನ ಪಕ್ಕದಲ್ಲಿ ಕೂತಿದ್ದಾಗ ಧೈರ್ಯ ಮಾಡಿ ಕೇಳಿದೆ: “ದೊಡ್ಡಮ್ಮ, ನೀವು ಅವತ್ತು ಹಾಗಂದ್ರಲ್ಲ, ಆಮೇಲೆ ದೊಡ್ಡಪ್ಪ ಏನೂ ಕೇಳ್ಲೇ ಇಲ್ವಾ?”

ಅವರ ಕೈ ನಿಂತಿತು. ಜಗಲಿಯಲ್ಲಿ ದೊಡ್ಡಪ್ಪ ಕೆಮ್ಮುವುದು ಕೇಳಿಸುತ್ತಿತ್ತು.

“ಕೇಳಿದ್ರು. ತುಂಬಾ ದಿನ ಆದ್ಮೇಲೆ.”

“ಯಾಕೆ ಅಂತಾನಾ?”

“ಇಲ್ಲ ಕಣೇ. ‘ಈಗ ಕೇಳಿದ್ರೆ ಏನಂತೀಯ?’ ಅಂದ್ರು.”

“ನೀವೇನಂದ್ರಿ?”

“‘ಈಗಲಾದ್ರೂ ಕೇಳಿದ್ರಲ್ಲ’ ಅಂದೆ. ಅವ್ರು ಅತ್ತುಬಿಟ್ರು.”

ದೊಡ್ಡಪ್ಪ ಅತ್ತರೇ! ನನ್ನ ಕಲ್ಪನೆಗೇ ನಿಲುಕಲಿಲ್ಲ. ಹಾಗಾದರೆ ದೊಡ್ಡಮ್ಮನ ಮಾತು ಬೇಕು ಅಂತಲೋ, ಬೇಡ ಅಂತಲೋ? ನೇರವಾಗಿ ಯಾಕೆ ಹೇಳಲಿಲ್ಲ? ಪ್ರಶ್ನೆಗಳೆಲ್ಲ ನಾಲಗೆಯ ತುದಿಗೆ ನುಗ್ಗಿ ಬಂದವು. ಬಾಯಿ ತೆರೆದೆ. ಹಾಗೇ ಮುಚ್ಚಿಕೊಂಡೆ.

ಅದನ್ನು ಕಂಡು ದೊಡ್ಡಮ್ಮ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು.